ಮೋಡವಿದ್ದರೆ ಎ, ಬಿಸಿಲಿದ್ದರೆ ಬಿ

ಕೊರಿಯರ್‌ನವನು ಕೊಟ್ಟುಹೋದ ಪೊಟ್ಟಣವನ್ನು ಮಗಳು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಚ್ಚಿದಳು. ಪಕ್ಕದಲ್ಲಿ ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಗುಳ್ಳೆಗುಳ್ಳೆಯ ಹಾಳೆ ಸರಿಸಿದರೆ ಒಳಗೆ ಗಾಜಿನಂಥ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ನಾನು ಹುಡುಗಿಯಾಗಿದ್ದಾಗಿನ ಕಾಮಿಕ್ಸ್ ಪುಸ್ತಕ. ನೆತ್ತಿಯ ಮೇಲೊಂದು ಚೀಟಿ. ಚೀಟಿಯಲ್ಲಿ ಏಳೂವರೆ ಎಂಬ ಅಂಕಿ.

“ಅಮ್ಮಾ, ಏಳೂವರೆ! ಏರ್ಬಿಡ್ತು ಅಮ್ಮಾ!” ಎಂದು ಅವಳು ಕುಣಿದಳು. ನನ್ನ ಹುರುಳಿಕಾಯಿ ಅರ್ಧ ನೆಲಕ್ಕೆ ಬಿತ್ತು.

ಹಳೆಯ ಕಾಮಿಕ್ಸ್ ಕೂಡಿಡುವುದು ಅವಳ ಹುಚ್ಚು. ಅಂಥ ಪುಸ್ತಕಗಳನ್ನು ಪರೀಕ್ಷಿಸಿ, ಸುಕ್ಕು, ಕಲೆ, ಪಿನ್ನಿನ ತುಕ್ಕು ಎಲ್ಲ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪೆಟ್ಟಿಗೆಯಲ್ಲಿ ಭದ್ರ ಮಾಡಿ ಕಳಿಸುವ ಕಂಪನಿಗಳಿವೆಯಂತೆ. ಹೋದ ವರ್ಷ ಇದೇ ಪುಸ್ತಕಕ್ಕೆ ಆರು ಬಂದಿತ್ತು. ಅವಳಿಗೆ ಒಪ್ಪಿಗೆಯಾಗಲಿಲ್ಲ. ಪೆಟ್ಟಿಗೆ ಒಡೆದು ಪುಸ್ತಕ ತೆಗೆದಳು, ಒಂದು ಧೂಳಿನ ಕಣವನ್ನೂ ಒರೆಸದೆ ಅದೇ ಕಂಪನಿಗೆ ಮತ್ತೆ ಕಳಿಸಿದಳು. ಈಗ ಏಳೂವರೆ.

ನನ್ನ ಯಜಮಾನರು ಕಾಮಸಮುದ್ರದ ಕಡೆಯವರು, ಹಾಲಿನ ಡೈರಿಯಲ್ಲಿ ಕೆಲಸ. ಕನ್ನಡಕ ಏರಿಸಿಕೊಂಡು ಚೀಟಿ ನೋಡಿದರು. “ನಮ್ ಡೈರೀಲೂ ಇದೇ ಕತೆ ಕಣೇ. ಒಂದೇ ಕ್ಯಾನಿನ ಆಲು, ಎರಡು ಸತಿ ಟೆಸ್ಟಿಗೆ ಇಟ್ರೆ ಎರಡು ಫ್ಯಾಟು. ಆದ್ರೆ ನಾವ್ಯಾರೂ ಆಲನ್ನ ಪ್ಲಾಸ್ಟಿಕ್‌ನಾಗೆ ಆಕಿ ಗೋಡೆಗೆ ನೇತಾಕಲ್ಲ!” ಎಂದರು.

ನಾನೂ ನಕ್ಕೆ. ನಗುತ್ತಾ ಪೆಟ್ಟಿಗೆಯನ್ನು ಮೂಗಿಗೆ ಹಿಡಿದೆ, ಏನೂ ವಾಸನೆ ಬರಲಿಲ್ಲ. ಆ ಪುಸ್ತಕಕ್ಕೆ ಕರ್ಪೂರದ, ಫಿಲ್ಟರ್ ಕಾಫಿಯ ವಾಸನೆ ಇತ್ತಲ್ಲ... ಲೈಬ್ರರಿ ಅಂಕಲ್ ಮನೆಯ ವಾಸನೆ...

ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿ ಕೆಲಸದವರ ಮನೆಗಳ ನಮ್ಮ ಲೈನಿನ ಕೊನೆಯ ಮನೆ ಅವರದು. ಗಣಿ ಕಂಪನಿಯಲ್ಲಿ ಅವರಿಗೆ ಕಲ್ಲು ಪುಡಿ ಮಾಡಿ, ಕರಗಿಸಿ, ಅದರಲ್ಲಿ ಎಷ್ಟು ಚಿನ್ನವಿದೆ ಎಂದು ನೋಡುವ ಕೋಣೆಯಲ್ಲಿ ಕೆಲಸ. ಭಾನುವಾರ ಮಾತ್ರ ಮುಂದಿನ ಕೋಣೆಯ ತಗಡಿನ ಬಾಗಿಲು ತೆರೆದು ಕಾಮಿಕ್ಸ್ ಅಂಗಡಿ ಹಾಕುತ್ತಿದ್ದರು. ಅಂಗಡಿ ಎಂದರೆ ಕೊಂಡುಕೊಳ್ಳುವುದಲ್ಲ, ಬದಲಿ ಮಾಡಿಕೊಳ್ಳುವುದು. ಒಂದು ಕೊಡು, ಒಂದು ತಗೋ. ಆದರೆ ಸಮಕ್ಕೆ ಸಮ. ಎ ದರ್ಜೆಯ ಪುಸ್ತಕಕ್ಕೆ ಎ ದರ್ಜೆಯದೇ, ಬಿ ಗೆ ಬಿ. ಎ ಪುಸ್ತಕಗಳು ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ನೇತಾಡುತ್ತಿದ್ದವು. ಬಿ ಬೆಂಚಿನ ಮೇಲೆ. ಸಿ ಎಂದರೆ ಬಿಸ್ಕತ್ತಿನ ಡಬ್ಬಿಗೆ. ಅಲ್ಲಿಗೆ ಹೋದ ಪುಸ್ತಕವನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ದರ್ಜೆ ಹೇಳುವವರು ಅವರೊಬ್ಬರೇ. ಪುಸ್ತಕವನ್ನು ಹೊಸಿಲಿಗೆ ತಂದು ಬೆಳಕಿಗೆ ಹಿಡಿದು, ಬೆನ್ನಿನ ಮೇಲೆ ಹೆಬ್ಬೆರಳು ಎಳೆದು, ಪಿನ್ನು ಮುಟ್ಟಿ, ಮೂಸಿ, ಕೊನೆಗೆ ರಟ್ಟಿನ ಮೇಲೆ ಬೆರಳಲ್ಲಿ ತಾಳ ಹಾಕುವರು. ಆ ತಾಳ ನಿಲ್ಲುವವರೆಗೆ ನಾವು ಆ ಬೆರಳನ್ನೇ ನೋಡುತ್ತಿದ್ದೆವು. “ಬೀ...” ಎಂದು ಎಳೆದರೆ ಮುಗಿಯಿತು.

ಅವರ ದರ್ಜೆ ಮಾತ್ರ ವಾರಕ್ಕೊಂದು ತರಹ! ಮೋಡವಿದ್ದ ದಿನ ಹೊಸಿಲಲ್ಲಿ ಸುಕ್ಕು ಕಾಣುತ್ತಿರಲಿಲ್ಲ, ಪುಸ್ತಕ ಎ ಆಗುತ್ತಿತ್ತು. ಬಿಸಿಲಿದ್ದರೆ ಅದೇ ಪುಸ್ತಕ ಬಿ. ಎರಡನೇ ಲೋಟ ಕಾಫಿ ಕುಡಿದಿದ್ದರೆ ಸ್ವಲ್ಪ ಉದಾರ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪದ್ಯ ಮರೆತರೂ ಇದನ್ನು ನಾವು ಮರೆಯುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಓಡಿ ಆಕಾಶ ನೋಡುವುದು.

ಆ ವರ್ಷ ನನ್ನ ಕೈಗೆ ಒಂದು ಕಥೆಯ ಮೊದಲನೇ ಭಾಗ ಸಿಕ್ಕಿತ್ತು. ಹಗ್ಗ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿಯುವ ಹುಡುಗಿಯ ಕಥೆ. ಕೊನೆಯ ಚಿತ್ರದಲ್ಲಿ ಹಗ್ಗ ತುಂಡಾಗುತ್ತದೆ. ಮೇಲೆ ದೋಣಿಯಲ್ಲಿ ಅವಳ ತಮ್ಮ ಬರಿ ಹಗ್ಗ ಹಿಡಿದು ನಿಂತಿರುತ್ತಾನೆ. ಅಷ್ಟೇ! ನನ್ನಪ್ಪ ಪ್ರತಿದಿನ ಗಣಿಗೆ ಇಳಿಯುವವರು. ಆ ಹುಡುಗಿ ಮೇಲೆ ಬಂದಳೋ ಇಲ್ಲವೋ ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ. ಎರಡನೇ ಭಾಗ ಅಂಕಲ್ ಹಗ್ಗದಲ್ಲಿ ಎಲ್ಲಕ್ಕಿಂತ ಮೇಲೆ ನೇತಾಡುತ್ತಿತ್ತು. ನನ್ನದು ಎ ಆಗಲು ಮೋಡ ಬೇಕಿತ್ತು, ಭಾನುವಾರ ಬಂದರೆ ಬರಿ ಬಿಸಿಲು.

ಹೀಗಿರುವಾಗ ಅಂಕಲ್ ಕೆಲಸ ಬಿಟ್ಟು ಊರಿಗೆ ಹೊರಟರು. ಕಂಪನಿ ಮುಚ್ಚುತ್ತದೆ ಎಂಬ ಮಾತಿಗೆ ಹೆದರಿ ಆಗ ಎಷ್ಟೋ ಮನೆ ಖಾಲಿಯಾಗುತ್ತಿದ್ದವು. ಅವರ ಕೊನೆಯ ಭಾನುವಾರ ನಾನು ಮೊದಲನೇ ಭಾಗವನ್ನು ಲಂಗದಲ್ಲಿ ಸುತ್ತಿಕೊಂಡು ಅವರ ಮನೆಯೆದುರು ಮೋಡಕ್ಕೆ ಕಾದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಅಷ್ಟರಲ್ಲಿ ನನ್ನ ತರಗತಿಯ ಕನ್ನಡಕದ ಹುಡುಗಿ ಬಂದಳು. ಅವಳಿಗೂ ಅದೇ ಎರಡನೇ ಭಾಗ ಬೇಕಿತ್ತು. ಅವಳ ಕೈಯಲ್ಲಿದ್ದುದು ಮಡಿಕೆ ಮುರಿಯದ ಹೊಸ ಪುಸ್ತಕ, ಮೋಡವಿರಲಿ ಬಿಸಿಲಿರಲಿ ಎ. ಇನ್ನು ಕಾಯುವಂತಿರಲಿಲ್ಲ. ಅವಳನ್ನು ದಾಟಿ ಒಳಗೆ ಓಡಿದೆ.

ಒಳಗೆ ಹಗ್ಗ ಬರಿದಾಗಿತ್ತು, ಪುಸ್ತಕಗಳೆಲ್ಲ ಆಗಲೇ ಪೆಟ್ಟಿಗೆ ಸೇರಿದ್ದವು. ಅಂಕಲ್ ನನ್ನ ಪುಸ್ತಕವನ್ನು ಬಿಸಿಲಿಗೆ ಹಿಡಿದರು. “ಬೀ... ಪಾಪಾ. ಬೆನ್ನು ಮುರಿದೋಗಿದೆ.” ಮಕ್ಕಳೆಲ್ಲ ಅವರ ಬಾಯಲ್ಲಿ ಪಾಪಾ.

“ನೀವೇ ಎ ಅಂತ ಕೊಟ್ಟಿದ್ರಿ ಅಂಕಲ್!”

“ಆವಾಗ ಮೋಡ ಇತ್ತಮ್ಮ.”

“ಮೋಡ ಬಂದ್ರೆ ಮುರಿದ ಬೆನ್ನು ಕೂಡ್ಕೊಳ್ಳುತ್ತಾ?”

ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ಅರಳಿತು. “ಅಯ್ಯಯ್ಯೋ, ಕರೆಕ್ಟು! ನಮ್ಮಲ್ಲಿ ಒಂದೇ ಕಲ್ಲಿಗೆ ಎರಡು ಲೆಕ್ಕ ಬಂದ್ರೆ ಏನ್ ಮಾಡ್ತೀವಿ ಗೊತ್ತಾ? ಇನ್ನೊಬ್ರ ಕೈಗೆ ಕೊಡ್ತೀವಿ. ಯಾವ ಗಣಿ ಕಲ್ಲು ಅಂತ ಅವ್ರಿಗೆ ಏಳಲ್ಲ. ಏಯ್ ಕನ್ನಡಕ, ಬಾಮ್ಮ ಇಲ್ಲಿ!”

ನನ್ನ ಪುಸ್ತಕ ತೆಗೆದುಕೊಂಡು ಒಳಗೆ ಹೋದರು. ಬಂದಾಗ ಕೈಯಲ್ಲಿ ತಮಿಳು ಪೇಪರಿನಲ್ಲಿ ರಟ್ಟು ಮುಚ್ಚಿದ ಪುಸ್ತಕ. ಅಂಚು, ಒಳಗಿನ ಹಾಳೆ, ನಡುವಿನ ಪಿನ್ನು ಮಾತ್ರ ಕಾಣುತ್ತಿತ್ತು. “ಯಾರ್ದು ಅಂತ ಕೇಳ್ಬಾರ್ದು. ನೋಡಿ, ಎ ನಾ ಬಿ ನಾ ಏಳಮ್ಮ.”

ಅವಳು ನಡುಪುಟ ತೆರೆದಳು. ಅಲ್ಲಿ ಸಮುದ್ರಕ್ಕಿಳಿದ ಆ ಹುಡುಗಿ! ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದಳು. ಇದು ನನ್ನದೇ ಎಂದು ಅವಳಿಗೆ ಖಾತ್ರಿಯಾಯಿತು, ನನಗೂ ಆಯಿತು. ಶುರುವಾಯಿತು ನೋಡಿ. “ಪಿನ್ನಿಗೆ ತುಕ್ಕು ಅಂಕಲ್. ಮೇಲೆ ಏನೋ ಕಚ್ಚಿದ ಗುರುತು. ಹಾಳೆ ಹಳದಿ. ಇದು ಬಿ. ಬಿ ಕೊಟ್ಟಿದ್ದೇ ಜಾಸ್ತಿ!”

“ಖಂಡಿತಾನಾ?”

“ದೇವ್ರಾಣೆ ಬಿ.”

ಅಂಕಲ್ ನಿಧಾನಕ್ಕೆ ಪೇಪರ್ ಬಿಡಿಸಿದರು. ಅದು ನನ್ನದಲ್ಲ. ತಿಂಗಳುಗಟ್ಟಲೆ ಕ್ಲಿಪ್ಪು ಕಚ್ಚಿಸಿಕೊಂಡು ಹಗ್ಗದಲ್ಲಿ ಒಣಗಿದ್ದ ಎರಡನೇ ಭಾಗ!

“ಮೋಸ ಅಂಕಲ್! ಅದು ಎ, ಅದು ಎ!” ಎಂದು ಅವಳು ಕಾಲು ಕುಟ್ಟಿದಳು.

“ನಿನ್ ಬಾಯಲ್ಲೇ ಬಂತಲ್ಲಮ್ಮ, ದೇವ್ರಾಣೆ ಅಂತ. ಬಿ ಗೆ ಬಿ. ತಗೋ ಪಾಪಾ,” ಎಂದು ಪುಸ್ತಕವನ್ನು ನನ್ನ ಕೈಗೆ ಹಾಕಿ, ಗೋಡೆಗೊರಗಿ ಕೆಮ್ಮು ಬರುವಷ್ಟು ನಕ್ಕರು. ಬೇಕೆಂದೇ ಹಾಗೆ ಮಾಡಿದರೋ, ಪರೀಕ್ಷೆಯ ಉತ್ಸಾಹದಲ್ಲಿ ಕೈಗೆ ಸಿಕ್ಕಿದ್ದನ್ನು ಸುತ್ತಿದರೋ... ಇವತ್ತಿಗೂ ಗೊತ್ತಿಲ್ಲ. ನನಗೆ ಮನೆಗೆ ಹೋಗುವವರೆಗೆ ತಡೆಯಲಾಗಲಿಲ್ಲ. ಅವರ ಮೆಟ್ಟಿಲ ಮೇಲೆಯೇ ಕೂತು ಓದತೊಡಗಿದೆ. ಸ್ವಲ್ಪ ಹೊತ್ತಿಗೆ ಕನ್ನಡಕದ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ಬಂದು ಕೂತಳು. “ಬೇಗ ತಿರುಗ್ಸೇ,” ಎಂದಳು. ಹುಡುಗಿ ಮೇಲೆ ಬಂದಾಗ ಇಬ್ಬರೂ ಕಿರುಚಿದೆವು.

ಇದನ್ನೆಲ್ಲ ಕೇಳಿ ಮಗಳು ಪಟ್ಟು ಹಿಡಿದಳು, ಪೆಟ್ಟಿಗೆಯಲ್ಲಿದ್ದ ಆ ಎರಡನೇ ಭಾಗವನ್ನು ಅಂಕಲ್‌ಗೆ ತೋರಿಸಲೇಬೇಕು ಎಂದು. ನನಗೂ ಅದೇ ಆಸೆ. ಒಂದೇ ಪುಸ್ತಕಕ್ಕೆ ಆರು, ಏಳೂವರೆ ಎಂದರೆ ಎಷ್ಟು ನಗುತ್ತಿದ್ದರು! ಎಲ್ಲಿದ್ದಾರೆಂದು ಕೇಳಿಕೊಂಡು ಬರೋಣವೆಂದು ಮೊನ್ನೆ ಬಂಗಾರಪೇಟೆಯಿಂದ ಊರಿಗಾಂಗೆ ಹೋದೆವು. ಅವರ ತಗಡಿನ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ ನೆರಳಿಗೆ ಕರೆದು ನೀರು ಕೊಟ್ಟರು.

“ಅವ್ರಾ? ತೀರ್ಕೊಂಡ್ಬಿಟ್ರಮ್ಮ, ಅವ್ರೂರಲ್ಲೇ. ಸುಮಾರು ವರ್ಷ ಆಯ್ತು,” ಎಂದರು. ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿದರು. “ಇದ್ನ ಓದೋದೆಂಗೆ?”

 ವಾಪಸು ಬರುವ ರೈಲಿಗೆ ಕಾಯುತ್ತಾ, ಸ್ಟೇಷನ್ನಿನ ಬೆಂಚಿನ ಮೇಲೆ, ಮಗಳೇ ಬೀಗದಕೈ ತುದಿಯಿಂದ ಪೆಟ್ಟಿಗೆಯ ಅಂಚು ಮೀಟಿದಳು. ಏಳೂವರೆ ಚೀಟಿ ನೆಲಕ್ಕೆ ಬಿತ್ತು. ಮೊದಲ ಪುಟ ಓದಿ ತಲೆಯೆತ್ತಿದಳು.

“ಅಮ್ಮಾ, ಹಗ್ಗ ಯಾಕೆ ತುಂಡಾಯ್ತು? ಮೊದಲನೇ ಭಾಗ ಎಲ್ಲಿ?”

“ಅಂಕಲ್ ಹತ್ರಾನೇ ಹೋಯ್ತಲ್ಲ ಮಗಳೇ...” ಎಂದೆ. ನೆನಪಿದ್ದಷ್ಟನ್ನು ಹೇಳತೊಡಗಿದೆ.