ಮೂರನೇ ಪಾಠದ ಕೆಮ್ಮು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಮೆಹಬೂಬಸುಭಾನಿ ಕಾಲ ಬದಲಾದಂತೆ ಕಂಪ್ಯೂಟರ್ ಬಿಚ್ಚುವುದನ್ನು ಕಲಿತ. ಆಮೇಲೆ ಪ್ರೋಗ್ರಾಮ್ ಬರೆಯುವುದನ್ನೂ ಕಲಿತ. ಅದು ಮಾತ್ರ ಮಗಳು ಮುಬೀನಾಳಿಗಾಗಿ. ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ.

ಹೆಂಡತಿ ಕಮರುನ್ನಿಸಾ ಶಾಲೆಯ ಪುಸ್ತಕವನ್ನು ಮೈಕಿನ ಮುಂದೆ ಓದಿದಳು. ಮುಬೀನಾ ಒಂದು ಕೀಲಿ ಒತ್ತಿದರೆ ಬೇಕಾದ ಪಾಠ ಅಮ್ಮಿಯ ದನಿಯಲ್ಲೇ ಕೇಳಿಸುವಂತೆ ಅವನು ಮಾಡಿದ. ಮೂರನೇ ಪಾಠ ಓದುವಾಗ ಹಾಳು ಕರೆಂಟು ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಓದುವ ಹೊತ್ತಿಗೆ ಆಕೆಯ ಗಂಟಲು ಕಟ್ಟಿ, ನಡುವೆ ಕೆಮ್ಮು ಬಂತು.

"ಇದನ್ನ ತಗದ ಬಿಡ್ರಿ, ಮತ್ತ ಓದ್ತೀನಿ" ಅಂದಳು.

"ಇರ್ಲಿ ಬಿಡು. ಕೆಮ್ಮೂ ನಿಂದ ಅಲ್ಲೇನ?" ಎಂದು ಅವನು ನಕ್ಕ.

ಅವತ್ತೇ ಹಟಕ್ಕೆ ಬಿದ್ದು ಒಂದು ಯುಪಿಎಸ್ ತಂದ. ಅದರ ಬ್ಯಾಟರಿ ಮುಗಿಯುತ್ತಾ ಬಂದರೆ ಕಂಪ್ಯೂಟರನ್ನು ಸುರಕ್ಷಿತವಾಗಿ ನಿಲ್ಲಿಸಲು ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುವ ಒಂದು ಕಾವಲು ಸೇವೆಯನ್ನೂ ಹಾಕಿದ. ಪ್ರೋಗ್ರಾಮ್ ಮತ್ತು ಹೆಂಡತಿಯ ದನಿ ಎರಡನ್ನೂ ಸೇರಿಸಿ, ಒಂದೇ ಗಂಟಾಗಿ ಹಾಕಲು ತೆಗೆಯಲು ಬರುವಂತೆ ಒಂದು ಪ್ಯಾಕೇಜ್ ಕಟ್ಟಿದ. ಪ್ಯಾಕೇಜಿನೊಳಗೆ ಒಂದು ಚೀಟಿ ಇರುತ್ತದೆ. ಆ ಪ್ಯಾಕೇಜು ನಡೆಯಲು ಬೇರೆ ಯಾವ್ಯಾವ ಪ್ರೋಗ್ರಾಮ್ ಬೇಕು ಎಂದು ಅದರಲ್ಲಿ ಬರೆಯಬೇಕು. ಕಾವಲು ಸೇವೆಯ ಹೆಸರಿನ ಮುಂದೆ ಅವನು "ಬೇಕೇ ಬೇಕು" ಎಂದು ಬರೆದ.

ರೋಣದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಗೆಳೆಯ ದ್ಯಾಮೇಶ ನೋಡಿ ತಲೆಯಾಡಿಸಿದ. "ಪಾಠ ಓದಾಕ ಬ್ಯಾಟರಿ ಕಾವಲು ಯಾಕ ಬೇಕ್ರಿ? 'ಇದ್ರ ಚಲೋ' ಅಂತ ಬರೀರಿ. ನಾಳೆ ಅದನ್ನ ತಗದ್ರ ಇದೂ ಹೋಕ್ಕತಿ."

"ನಮ್ಮೂರ ಕರೆಂಟಿನ ಹಣೇಬರಹ ನಿಮಗೇನ ಗೊತ್ತ್ರಿ?"

"ರೋಣಕ್ಕೇನ ಬ್ಯಾರೆ ಕರೆಂಟ್ ಬರತೈತೇನ್ರಿ?"

ಸುಭಾನಿ ಕೇಳಲಿಲ್ಲ. ಹಾರ್ಡ್‌ಡಿಸ್ಕ್ ಚಿಕ್ಕದು, ಪ್ಯಾಕೇಜಿನಲ್ಲಿ ಎಲ್ಲವೂ ಇದೆಯಲ್ಲ ಎಂದು ಮೂಲ ಕಡತಗಳನ್ನು ಅಳಿಸಿದ. ಆ ಪ್ಯಾಕೇಜಿನ ಒಂದು ಸಿಡಿ ಮಾಡಿ ಹೊಳೆಆಲೂರಿನ ಅಕ್ಕ ಜಮಾಲಬಿಯ ಮನೆಯಲ್ಲಿಟ್ಟ.

ಮರುವರ್ಷ ಕಮರುನ್ನಿಸಾ ಕಾಮಾಲೆಯಿಂದ ಎಂಟೇ ದಿನದಲ್ಲಿ ತೀರಿಕೊಂಡಳು. ಆಮೇಲೆ ಮುಬೀನಾ ದಿನಾ ಸಂಜೆ ಪಾಠ ಹಚ್ಚಿಕೊಂಡು ಕೂರುತ್ತಿದ್ದಳು. ಆ ತರಗತಿ ಪಾಸಾದ ಮೇಲೂ ಬಿಡಲಿಲ್ಲ. ಸುಭಾನಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಕೇಳುತ್ತಿದ್ದ. ಅವನಿಗೂ ಅದು ಬೇಕಾಗಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಎರಡು ಸಾವಿರದ ಒಂಬತ್ತರಲ್ಲಿ ಮಲಪ್ರಭೆ ಉಕ್ಕಿ ಅಕ್ಕನ ಮನೆಗೆ ನುಗ್ಗಿತು. ಸಿಡಿ ಕೆಸರುಪಾಲಾಯಿತು. ಇನ್ನೊಂದು ಮಾಡಿದರಾಯಿತು ಎಂದುಕೊಂಡ, ಇವತ್ತು ನಾಳೆ ಎಂದು ದಿನ ತಳ್ಳಿದ. ಅಷ್ಟರಲ್ಲಿ ಯುಪಿಎಸ್ಸಿನ ಬ್ಯಾಟರಿ ಸತ್ತಿತು. ಕಾವಲು ಸೇವೆ ಗಾಬರಿಬಿದ್ದು ಐದೈದು ನಿಮಿಷಕ್ಕೆ ಕಂಪ್ಯೂಟರನ್ನು ಆರಿಸತೊಡಗಿತು.

"ಅಬ್ಬಾ, ಅಮ್ಮಿ ಓದೂಮುಂದ ನಿನ್ನ ಕಾವಲು ನಡುವ ಬಾಯಿ ಮುಚ್ಚಸತೈತಿ. ಅದನ್ನ ತಗದ ಹಾಕು" ಅಂದಳು ಮುಬೀನಾ ಅಪ್ಪನಿಗೆ.

ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರು. ಅವನು ಸೇವೆಯನ್ನು ತೆಗೆಯಲು ಕಂಪ್ಯೂಟರಿಗೆ ಹೇಳಿದ. ಇದರೊಂದಿಗೆ ಇನ್ನೊಂದು ಪ್ಯಾಕೇಜೂ ಹೋಗುತ್ತದೆ, ಸರಿಯೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು. ಓದದೆಯೇ ಹೂಂ ಎಂದು ಒತ್ತಿದ.

ಮುಬೀನಾ ಕೀಲಿ ಒತ್ತಿದಳು. ಮತ್ತೆ ಒತ್ತಿದಳು. "ಅಬ್ಬಾ, ಅಮ್ಮಿ ಮಾತಾಡವಲ್ಲಳು."

ಯಂತ್ರದ ತಪ್ಪೇನೂ ಇರಲಿಲ್ಲ. ಬೇಕೇ ಬೇಕು ಎಂದು ಅವನೇ ಬರೆದಿದ್ದ, ಅದು ಅವನ ಮಾತನ್ನು ನಂಬಿತ್ತು. ಅಳಿಸಿದ್ದನ್ನು ಹುಡುಕುವ ಉಪಾಯಗಳನ್ನೆಲ್ಲ ನಾಲ್ಕು ದಿನ ಮಾಡಿದ. ಸಿಕ್ಕಿದ್ದು ಬರೀ ಕರಕರ ಸದ್ದು. ದ್ಯಾಮೇಶ ರೋಣದಿಂದ ಬಂದು, ಪಕ್ಕದಲ್ಲಿ ಕೂತು ತಾನೂ ಹುಡುಕಿ ಎದ್ದುಹೋದ.

ಐದನೇ ದಿನ ಸುಭಾನಿ ಹೊಸ ಪ್ಯಾಕೇಜಿನ ಚೀಟಿಯಲ್ಲಿ ಕಾವಲು ಸೇವೆಯ ಮುಂದೆ "ಇದ್ದರೆ ಒಳ್ಳೆಯದು" ಎಂದು ಬರೆದು, ತಾನೇ ಮೈಕಿನ ಮುಂದೆ ಪುಸ್ತಕ ಹಿಡಿದ. ಮುಬೀನಾ ಮಗ್ಗುಲಲ್ಲಿ ಕೂತಿದ್ದಳು. ಮೂರನೇ ಪಾಠದ ನಡುವೆ ಅವನ ಮೊಣಕೈ ಹಿಡಿದಳು.

"ಅಬ್ಬಾ, ಇಲ್ಲೆ ಅಮ್ಮಿ ಕೆಮ್ಮತಿದ್ಲು. ನೀನೂ ಕೆಮ್ಮು."

ಕೆಮ್ಮಲು ಹೋದ. ಬಂದದ್ದು ಅಳು. ಎದೆ ಒಡೆದು ಅತ್ತ, ಮೈಕು ಎಲ್ಲವನ್ನೂ ಹಿಡಿದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು, "ಇದನ್ನ ತಗದು ಮತ್ತ ಓದ್ತೀನವ್ವಾ" ಅಂದ.

"ಬ್ಯಾಡಬ್ಬಾ," ಅಂದಳು ಮುಬೀನಾ. "ಇರ್ಲಿ ಬಿಡು."