ಬುಧವಾರದ ನಿಂಬೆಹಣ್ಣು

ನಮ್ಮ ಫ್ರಿಜ್ಜಿನಿಂದ ನಿಂಬೆಹಣ್ಣುಗಳು ಕಾಣೆಯಾಗುತ್ತಿವೆ ಎಂದು ಗೊತ್ತಾದದ್ದು ಒಂದು ಭಾನುವಾರ, ಚಿತ್ರಾನ್ನ ಮಾಡಲು ಹೊರಟಾಗ. ನಾಲ್ಕು ತಂದಿಟ್ಟಿದ್ದೆ, ಎರಡೇ ಇದ್ದವು. ಬೇರೆ ಯಾರಾದರೂ ಆಗಿದ್ದರೆ ಇದ್ದ ಎರಡನ್ನೇ ಹಿಂಡಿ ಸುಮ್ಮನಾಗುತ್ತಿದ್ದರು. ನಾನು ಆ ಪೈಕಿಯಲ್ಲ. ನನಗೆ ಗಂಡು ಗೊತ್ತಾದಾಗ ಅವರು ಕೊಟ್ಟ ಆಫೀಸಿನ ವಿಳಾಸ ನಿಜವೋ ಸುಳ್ಳೋ ಎಂದು ಬೆಂಗಳೂರಿನಲ್ಲಿ ಬಸ್ಸು ಹತ್ತಿಕೊಂಡು ಹೋಗಿ, ಬೋರ್ಡು ಓದಿಕೊಂಡು ಬಂದವಳು ನಾನು. ಅಮೆರಿಕಕ್ಕೆ ಬಂದ ಮೇಲೂ ದೇವರು ನನಗೆ ಅಂಥದ್ದೇ ಕೆಲಸ ಕೊಟ್ಟ. ಕಂಪ್ಯೂಟರ್ ಚಿಪ್ಪುಗಳಲ್ಲಿ ದೋಷ ಹುಡುಕುವ ಒಂದು ಸಣ್ಣ ಕಂಪನಿಯಲ್ಲಿ ದಿನವಿಡೀ ಹುಳುಕು ಹುಡುಕುವುದೇ ನನ್ನ ಸಂಬಳದ ಕೆಲಸ.

ಎಂಬತ್ತರ ದಶಕದ ನಡುಭಾಗ ಅದು. ನನ್ನ ಗಂಡನ ಆಫೀಸಿನಲ್ಲಿದ್ದ ಉತ್ತರದ ಮಿನೆಸೋಟ ರಾಜ್ಯದವನೊಬ್ಬ ಬೇರೆ ಊರಿಗೆ ವರ್ಗವಾಗಿ ಹೋಗುವಾಗ ಇಬ್ಬರು ಕೂರುವ ಒಂದು ಹಳೆಯ ಕಯಾಕ್ ದೋಣಿಯನ್ನು ನಮ್ಮ ಅಪಾರ್ಟ್‌ಮೆಂಟಿನ ಕಾರ್‌ಪೋರ್ಟಿಗೆ ತಂದು ಹಾಕಿ ಹೋದ. ಹೋಗುವ ಮುಂಚೆ ನನ್ನ ಒಂಬತ್ತು ವರ್ಷದ ಮಗಳಿಗೆ ಅವನ ಊರಿನ ಪೈಕ್ ಎಂಬ ಮೀನಿನ ಕಥೆ ಬೇರೆ ಹೇಳಿದ. ತೋಳುದ್ದದ ಮೀನಂತೆ, ಬಾಯಿ ತುಂಬ ಹಲ್ಲಂತೆ, ಬಾತುಮರಿಗಳನ್ನೇ ನುಂಗುತ್ತದಂತೆ. ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಅಪ್ಪ ಮಗಳು ಸ್ಟೇಷನ್ ವ್ಯಾಗನ್ ಕಾರಿನ ತಲೆಯ ಮೇಲೆ ಕಯಾಕ್ ಕಟ್ಟಿಕೊಂಡು ಫ್ರೀವೇ ಹಿಡಿದು ಮಾರ್ಗನ್ ಹಿಲ್ ಎಂಬ ಊರಿನಾಚೆಯ ಕೆರೆಗೆ ಹೊರಡುವುದು ಶುರುವಾಯಿತು. ಬಾಸ್ ಎಂಬ ಮೀನು ಮತ್ತು ಪೈಕ್ ಹಿಡಿಯುತ್ತೇವೆ, ಹಿಡಿದದ್ದನ್ನು ಅಲ್ಲೇ ಬಿಟ್ಟುಬಿಡುತ್ತೇವೆ ಎಂದು ನನ್ನ ಗಂಡ ಹೇಳಿದರು.

ನಾನು ನಂಬಲಿಲ್ಲ. ಆ ವರ್ಷ ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ನನ್ನ ಅತ್ತೆಯೂ ನಂಬಿದಂತೆ ಕಾಣಲಿಲ್ಲ.

“ಹಿಡದು ಬಿಡೂದಾದ್ರ ಹಿಡಿಯೂದರ ಯಾಕ?” ಎಂದು ಮಗನನ್ನು ಕೇಳಿದರು. ನನ್ನ ಗಂಡ ಕಯಾಕಿನ ಹಗ್ಗ ಬಿಗಿಯಲು ಹೊರಗೆ ಹೋದರು.

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅತ್ತೆ ಬಂದ ಮೇಲಂತೂ ಕೇಕಿನ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನೆಲ್ಲ ಕನ್ನಡಕ ಹಾಕಿಕೊಂಡು ನಾನು ಓದಿ ಹೇಳಬೇಕಿತ್ತು. ನನ್ನ ಮಾತಿನ ಮೇಲೆ ಅವರು ಈ ದೇಶದಲ್ಲಿ ಉಣ್ಣುತ್ತಿದ್ದರು. ಅವರ ಮಗ ಮೊಮ್ಮಗಳು ಕೆರೆದಂಡೆಯಲ್ಲಿ ಮೀನು ಸುಟ್ಟು ತಿಂದು ಬಂದು ಅದೇ ಕೈಯಲ್ಲಿ ಅವರ ನೀರಿನ ತಂಬಿಗೆ ಮುಟ್ಟುತ್ತಿದ್ದಾರೆ ಎಂದಾದರೆ, ಅವರು ನನ್ನ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಗಂಡನಿಗಿಂತ ಹೆಚ್ಚಾಗಿ ನನಗೆ ಮಗಳ ಚಿಂತೆ. ಆ ವಯಸ್ಸಿಗೇ ನನ್ನ ಮುಖ ನೋಡಿ ಸುಳ್ಳು ಹೇಳಲು ಕಲಿತಳೆಂದರೆ ಅವಳು ನನ್ನ ಕೈತಪ್ಪಿ ಹೋದಂತೆಯೇ ಎಂದು ಭಯಪಟ್ಟಿದ್ದೆ.

ಹಾಗಾಗಿ ಲೆಕ್ಕ ಇಡತೊಡಗಿದೆ. ಶನಿವಾರಕ್ಕೊಂದು ನಿಂಬೆಹಣ್ಣು ಹೋಗುತ್ತಿತ್ತು. ಬುಧವಾರವೋ ಗುರುವಾರವೋ ನೋಡಿದರೆ ಇನ್ನೊಂದರಲ್ಲಿ ಅರ್ಧ ಹೋಳು ಮಾಯ. ಊರಿನಿಂದ ಅತ್ತೆ ತಂದಿದ್ದ ಅರಿಶಿನದ ಡಬ್ಬಿಯೂ ವಾರದಿಂದ ವಾರಕ್ಕೆ ತಗ್ಗುತ್ತಿತ್ತು. ನಿಂಬೆಹಣ್ಣು, ಅರಿಶಿನ! ಮೀನಿಗೆ ಏನು ಸವರುತ್ತಾರೆ ಎಂದು ತಿಳಿಯಲು ಮೀನು ತಿನ್ನುವ ಜಾತಿಯಲ್ಲೇ ಹುಟ್ಟಬೇಕೇನು? ವಾರದ ನಡುವೆಯೂ ಹಣ್ಣು ಹೋಗುತ್ತದೆಂದರೆ ಉಳಿದ ಮೀನನ್ನು ಕಾರ್‌ಪೋರ್ಟಿನಲ್ಲೆಲ್ಲೋ ಬಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿ, ಒಂದು ದಿನ ಟಾರ್ಚು ಹಿಡಿದು ಟೈರುಗಳ ಹಿಂದೆಲ್ಲ ಹುಡುಕಿದೆ. ಖಾರದ ಪುಡಿ ಮಾತ್ರ ಇದ್ದಷ್ಟೇ ಇತ್ತು. ಖಾರ ಹಾಕದೆ ಮೀನು ಹುರಿಯುವವರು ಎಲ್ಲಿದ್ದಾರೆ ಎಂಬ ಸರಳ ಪ್ರಶ್ನೆ ಈ ಪತ್ತೇದಾರಿಣಿಗೆ ಹೊಳೆಯಲಿಲ್ಲ.

ಮಗಳ ಅಂಗಿಗಳನ್ನು ಒಗೆಯಲು ಹಾಕುವ ಮೊದಲು ಮೂಸುತ್ತಿದ್ದೆ. ನೀರಿನ ವಾಸನೆ, ಸ್ವಲ್ಪ ಮೀನಿನ ವಾಸನೆ, ಮೇಲೆ ನಿಂಬೆ. ಈಚೆಗೆ ಅವಳಿಗೆ ಒಂದು ಹೊಸ ಒಳ್ಳೆಯ ಬುದ್ಧಿಯೂ ಬಂದಿತ್ತು. ನಾನು ಆಫೀಸಿನಿಂದ ಬಂದು ಬಟ್ಟೆ ಬದಲಿಸುವಷ್ಟರಲ್ಲಿ ನನ್ನ ಊಟದ ಚೀಲವನ್ನು ತಾನೇ ತೆಗೆದು ತೊಳೆದಿಡುತ್ತಿದ್ದಳು. ಅದರ ಮೇಲೂ ನನಗೆ ಅನುಮಾನ. ಹೇಳದೆ ಕೇಳದೆ ಮಕ್ಕಳು ಕೆಲಸಕ್ಕೆ ಕೈಹಾಕಿದರೆ ಎಲ್ಲೋ ಏನೋ ಒಡೆದಿರುತ್ತದೆ.

ನನ್ನ ಮೂಗು ಇಷ್ಟು ಚುರುಕಾಗಿದ್ದಕ್ಕೆ ಕಾರಣ ಈಗಲಾದರೂ ಹೇಳಬೇಕು. ಪ್ರತಿ ಬುಧವಾರ ನಾನು ಟ್ಯೂನಾ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಹೌದು, ಮೀನೇ. ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಒಮ್ಮೆ ಅರ್ಧ ಕೊಟ್ಟಳು, ಬೇಡವೆನ್ನಲು ಸಂಕೋಚವಾಗಿ ತಿಂದೆ, ತಿಂದ ಮೇಲೆ ಇನ್ನರ್ಧ ಕೊಡಲಿಲ್ಲವಲ್ಲ ಎನ್ನಿಸಿತು. ಅಲ್ಲಿಂದ ಶುರು. ಆಫೀಸಿನ ಪಕ್ಕದ ಅಂಗಡಿಯಲ್ಲಿ ಕೊಂಡು, ನಮ್ಮವರು ಯಾರಾದರೂ ನೋಡಿಯಾರೆಂದು ಊಟದ ಚೀಲದಲ್ಲಿ ಅಡಗಿಸಿ ತಂದು, ಪಾರ್ಕಿಂಗ್ ಲಾಟಿನ ಕೊನೆಯಲ್ಲಿ ಕಾರಿನ ಗಾಜು ಏರಿಸಿಕೊಂಡು ತಿನ್ನುತ್ತಿದ್ದೆ. ಆಮೇಲೆ ಲವಂಗ ಅಗಿದು ಮನೆಗೆ ಬರುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನೊಬ್ಬ ಇದ್ದನಂತೆ. ನಾನು ಅವನಿಗಿಂತ ಒಂದು ಕೈ ಮೇಲು. ನನ್ನ ಹೆಗಲು ಒರೆಸಿಕೊಂಡು ಮನೆಯವರ ಹೆಗಲನ್ನೆಲ್ಲ ಮುಟ್ಟಿ ನೋಡುತ್ತಿದ್ದೆ.

ಕಡೆಗೆ ಒಂದು ದಿನ ಆಫೀಸಿನಿಂದಲೇ, ಆ ಕೆರೆಯ ಹತ್ತಿರ ಗಾಳದ ಸಾಮಾನು ಮಾರುವ ಅಂಗಡಿಗೆ ಫೋನು ಮಾಡಿ ಪೈಕ್ ಹೇಗೆ ಸಿಗುತ್ತಿದೆ ಎಂದು ವಿಚಾರಿಸಿದೆ. ಆತ ನಕ್ಕುಬಿಟ್ಟ. ಬಾಸ್ ಬೇಕಾದಷ್ಟಿದೆ, ಪೈಕ್ ಈ ಕೆರೆಯಲ್ಲಿ ಒಂದೂ ಇಲ್ಲ, ಯಾವತ್ತೂ ಇರಲಿಲ್ಲ ಎಂದ. ಇಲ್ಲದ ಮೀನಿಗಾಗಿ ಯಾವ ಗಂಡಸು ವಾರ ವಾರ ಮೂವತ್ತು ಮೈಲಿ ಹೋಗುತ್ತಾನೆ?

ಆ ಶನಿವಾರ ನಾನೂ ಬರುತ್ತೇನೆ ಎಂದೆ. ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಅದನ್ನೂ ನಾನು ಲೆಕ್ಕಕ್ಕೆ ಬರೆದುಕೊಂಡೆ.

“ಕಯಾಕಲ್ಲಿ ಎರಡೇ ಸೀಟು ಇರೋದು,” ಎಂದರು ನನ್ನ ಗಂಡ.

“ಗೊತ್ತು. ನೀವು ದಂಡೇಲಿ ಕೂತ್ಕೊಳ್ಳಿ. ನಾನು, ಅವಳು ಹೋಗ್ತೀವಿ.”

ಕೆರೆದಂಡೆಯಲ್ಲಿ ಮಗಳು ಆ ಕಡೆ ಲೈಫ್ ಜಾಕೆಟ್ ಹುಡುಕುತ್ತಿದ್ದಾಗ ನಾನು ಗಂಡನನ್ನು ಹಿಡಿದು ನಿಲ್ಲಿಸಿ ಪೈಕಿನ ವಿಷಯ ಎತ್ತಿದೆ.

“ಮೆಲ್ಲಗೆ ಮಾತಾಡೇ,” ಎಂದರು. “ಇಲ್ಲ ಅಂತ ನಂಗೂ ಗೊತ್ತು. ಅವಳಿಗೆ ಹೇಳ್ಬೇಡ. ಅದೊಂದು ಸಿಗತ್ತೆ ಅಂತ್ಲೇ ಅವಳು ಬೆಳಿಗ್ಗೆ ಐದಕ್ಕೆ ಏಳೋದು.”

ಅದು ಒಪ್ಪುವ ಮಾತೇ. ಆದರೂ ನಾನು ಅರ್ಧ ಮಾತ್ರ ಒಪ್ಪಿದೆ.

ನನಗೆ ಹುಟ್ಟು ಹಾಕಲು ಬಾರದು. ಸಲ್ವಾರಿನ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ಹಿಂದೆ ಮೂಟೆಯ ಹಾಗೆ ಕೂತೆ. ಮುಂದೆ ಕೂತ ಮಗಳು ಒಬ್ಬಳೇ ಸಲೀಸಾಗಿ ಹುಟ್ಟು ಹಾಕುತ್ತ ಜೊಂಡು ಬೆಳೆದ ಮೂಲೆಗೆ ಕರೆದುಕೊಂಡು ಹೋಗಿ ಗಾಳ ಎಸೆದಳು. ಅವಳ ಬೆನ್ನು ನನ್ನ ಕಡೆಗಿತ್ತು. ಗಾಳದ ಪೆಟ್ಟಿಗೆ ನನ್ನ ಕಾಲ ಬಳಿಯೇ ಇತ್ತು. ಸದ್ದಾಗದಂತೆ ಮುಚ್ಚಳ ಎತ್ತಿದೆ. ಕೊಕ್ಕೆಗಳು, ರಬ್ಬರಿನ ಹುಳುಗಳು, ಒಂದು ನಿಂಬೆಹಣ್ಣು, ಕ್ಯಾಮೆರಾ ರೀಲಿನ ಒಂದು ಪುಟ್ಟ ಕರಿ ಡಬ್ಬಿ. ಡಬ್ಬಿ ಬಿಚ್ಚಿದರೆ ಅರಿಶಿನ.

“ಇದೇನಿದು?” ಎಂದು ಗದರಿದೆ. ಸಿಕ್ಕಿಬಿದ್ದರಲ್ಲ ಎಂಬ ಖುಷಿ ನನ್ನ ದನಿಯಲ್ಲಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಅವಳು ತಿರುಗುವಷ್ಟರಲ್ಲಿ ಗಾಳದ ಕೋಲು ಬಾಗಿತು. ಆಮೇಲೆ ನನ್ನನ್ನು ಕೇಳುವವರಿರಲಿಲ್ಲ. ಅವಳು ದಾರ ಸುತ್ತುತ್ತ, ಬಿಡುತ್ತ, ಕೊನೆಗೆ ಒಂದು ಹಸಿರು ಮೈಯ ಬಾಸನ್ನು ನೀರಿನಿಂದೆತ್ತಿ ಕೆಳದುಟಿ ಹಿಡಿದು ಕೊಕ್ಕೆ ಬಿಡಿಸಿದಳು. ತುಟಿಯಲ್ಲಿ ಒಂದು ಹನಿ ರಕ್ತ. ನನ್ನ ಕಡೆ ಕೈಚಾಚಿ, “ಅಮ್ಮಾ, ಡಬ್ಬಿ,” ಎಂದಳು. ಕೊಟ್ಟೆ. ಅವಳು ಬೆರಳ ತುದಿಯಲ್ಲಿ ಒಂದು ಚಿಟಿಕೆ ಅರಿಶಿನ ತೆಗೆದು ಮೀನಿನ ತುಟಿಯ ಗಾಯಕ್ಕೆ ಒತ್ತಿ, ಅಜ್ಜಿ ಅವಳ ಮೊಣಕಾಲಿಗೆ ಹಚ್ಚುವಾಗ ಊದುವ ಹಾಗೆ ಉಫ್ ಎಂದು ಊದಿ, ನೀರಿಗೆ ಬಿಟ್ಟಳು. ಹಳದಿ ಬಾಯಿಯ ಮೀನು ಬಾಲ ಬಡಿದು ಹೊರಟುಹೋಯಿತು.

“ಅಜ್ಜಿ ಕೊಟ್ರು,” ಎಂದಳು. “ಫಾರ್ ದ ಬೂಬೂ.” ಗಾಯಕ್ಕೆ ಅಲ್ಲಿಯ ಮಕ್ಕಳು ಹೇಳುವ ಮಾತು ಅದು.

ಆಮೇಲೆ ನಿಂಬೆಹಣ್ಣು ಕಚ್ಚಿ ಕೈಗೆ ತಿಕ್ಕಿಕೊಂಡಳು. ನಿನಗೆ ವಾಸನೆ ಇಷ್ಟವಿಲ್ಲವಲ್ಲ, ಅದಕ್ಕೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಬುಧವಾರದ ಅರ್ಧ ಹೋಳು ಇನ್ನೂ ಬಾಕಿ ಇತ್ತು.

“ನಿಜ ಹೇಳು. ಅಪ್ಪ, ನೀನು ಒಂದ್ಸಲಾನೂ ಮೀನು ತಿಂದಿಲ್ವಾ?”

“ನೋ, ಅಮ್ಮಾ.” ಅವಳು ನೀರನ್ನೇ ನೋಡುತ್ತಿದ್ದಳು. ಮೆಲ್ಲಗೆ, “ಯು ಡು,” ಎಂದಳು.

ಕಯಾಕ್ ನಿಂತಲ್ಲೇ ಸುಮ್ಮನೆ ತೇಲುತ್ತಿತ್ತು. ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಲಿಲ್ಲವಂತೆ. ಬುಧವಾರ ನನ್ನ ಚೀಲ ಕೆರೆಯ ಹಾಗೆ ನಾರುತ್ತದಂತೆ. ಅಜ್ಜಿ ಅಡುಗೆಮನೆಗೆ ಬರುವ ಮೊದಲು ತೊಳೆದು ನಿಂಬೆಹಣ್ಣು ತಿಕ್ಕಿಡುತ್ತಾಳಂತೆ. ಅಪ್ಪನಿಗೂ ಹೇಳಿಲ್ಲವಂತೆ.

“ನನ್ನನ್ನ ಯಾಕೆ ಕೇಳ್ಲಿಲ್ಲ?”

ಅವಳು ಭುಜ ಹಾರಿಸಿದಳು. “ಇಟ್ಸ್ ಯುವರ್ ಸೀಕ್ರೆಟ್.”

ಮೂರು ತಿಂಗಳು ನಾನು ಆ ಮಗುವಿನ ಅಂಗಿ ಮೂಸಿದ್ದೆ. ಅಷ್ಟೂ ದಿನ ಅವಳು ನನ್ನ ಮಾನ ತಿಕ್ಕಿ ತೊಳೆಯುತ್ತಿದ್ದಳು. ನನಗೆ ಅಳು ಬಂತು. ಮುಂದೆ ಕೂತವಳಿಗೆ ಕಾಣಿಸದಿರಲಿ ಎಂದು ಮುಖವನ್ನು ಜಾಕೆಟ್ಟಿನೊಳಗೆ ಹುದುಗಿಸಿಕೊಂಡೆ. ದಂಡೆಯಿಂದ ನನ್ನ ಗಂಡ ಏನೋ ಕೂಗಿ ಕೇಳುತ್ತಿದ್ದರು. ಅವಳು ಹುಟ್ಟು ಎತ್ತಿಕೊಂಡು ಕಯಾಕನ್ನು ದಂಡೆಯ ಕಡೆಗೆ ತಿರುಗಿಸಿದಳು.

ಮುಂದಿನ ಬುಧವಾರ ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ ಅದನ್ನೇ ತಿಂದು ಬಂದೆ. ಅವಳಿಗೆ ಏನೂ ಹೇಳಲಿಲ್ಲ. ಚೀಲವನ್ನು ಎಂದಿನಂತೆ ಅಡುಗೆಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಅವಳು ಫ್ರಿಜ್ಜಿನಿಂದ ಅರ್ಧ ಹೋಳು ನಿಂಬೆಹಣ್ಣು ಹಿಡಿದುಕೊಂಡು ಬಂದಳು. ಚೀಲದ ಜಿಪ್ಪು ಎಳೆದು ಒಳಗೆ ಮೂಗು ತೂರಿಸಿದಳು. ಇನ್ನೊಂದು ಸಲ ಮೂಸಿದಳು. ಹೊರಗಿನ ಕೋಣೆಯಲ್ಲಿ ಅಜ್ಜಿ ಬತ್ತಿ ಹೊಸೆಯುತ್ತ ಕೂತಿದ್ದರು. ಅವಳು ಒಮ್ಮೆ ಅತ್ತ ನೋಡಿ, ನಿಂಬೆಯ ಹೋಳನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಳು. ಆಮೇಲೆ, ತೊಳೆಯುವಂಥದ್ದೇನೂ ಇಲ್ಲದಿದ್ದರೂ, ಚೀಲವನ್ನು ತೊಳೆದೇ ಇಟ್ಟಳು.