ಬಲ ಭುಜ ಸ್ವಲ್ಪ ಇಳಿಸಿ, ಮೇಡಂ

“ಮೇಡಂ, ಬಲ ಭುಜ ಸ್ವಲ್ಪ ಇಳಿಸಿ.”

ಕಳೆದ ಭಾನುವಾರ ಗುಬ್ಬಿಯಲ್ಲಿ ನೆಂಟರ ಮದುವೆ. ಸ್ಟೇಜ್ ಮೇಲೆ ಮದುಮಕ್ಕಳ ಪಕ್ಕ ನಾನು, ನನ್ನ ಪಕ್ಕ ನಮ್ಮ ಯಜಮಾನರು, ಎದುರಿಗೆ ಫೋಟೋಗ್ರಾಫರ್. ಇಳಿಸಿದೆ. ಇನ್ನೂ ಸ್ವಲ್ಪ ಎಂದ. ಇನ್ನೂ ಇಳಿಸಿದೆ. ಅವನು ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನನ್ನು ನೋಡಿದ, ಮತ್ತೆ ಕ್ಯಾಮೆರಾದೊಳಗೆ ನೋಡಿದ. ಎಲ್ಲೋ ಏನೋ ಸರಿಯಿಲ್ಲ, ಏನು ಅಂತ ಪಾಪ ಅವನಿಗೆ ತಿಳಿಯುತ್ತಿಲ್ಲ.

ನನಗೆ ತಿಳಿದಿತ್ತು. ಮೇಲೆ ಹೋಗಿದ್ದದ್ದು ಭುಜವಲ್ಲ.

“ಇದಕ್ಕಿಂತ ಇಳಿಯಲ್ಲಪ್ಪ, ತೆಗಿ” ಎಂದೆ. ತೆಗೆದ.

ಹಳೆಯ ಓದುಗರಿಗೆ ನೆನಪಿರಬಹುದು. ಮೂರು ವರ್ಷದ ಹಿಂದೆ ಈ ಅಂಕಣ ಕೆಲವು ತಿಂಗಳು ಬರಲಿಲ್ಲ. ‘ಅನಾರೋಗ್ಯದ ಕಾರಣ’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಂಡಿದ್ದೆ. ಇವತ್ತು ಬಿಡಿಸಿ ಹೇಳುತ್ತೇನೆ. ಅದು ಸ್ತನ ಕ್ಯಾನ್ಸರ್. ಬಲಗಡೆ. ಸ್ತನ ತೆಗೆದು ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟರು, ಆಮೇಲೆ ಕೀಮೋ, ರೇಡಿಯೇಷನ್ ಕೊಟ್ಟರು. (ಬೆಳಿಗ್ಗೆ ಬೆಳಿಗ್ಗೆ ಪೇಪರಿನಲ್ಲಿ ಈ ಪದ ನೋಡಿ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಿ. ಆರಿಹೋಗುತ್ತದೆ.)

ಆ ಪದ ಬಾಯಿಗೆ ಬಾರದೆ ನಮ್ಮ ಯಜಮಾನರು ಆಗ ನೆಂಟರಿಗೆಲ್ಲ “ಎದೆ ಆಪರೇಷನ್” ಎಂದಿದ್ದರು. ಸುದ್ದಿ ಅವರ ಊರು ಕಡಬ ತಲುಪುವ ಹೊತ್ತಿಗೆ ಹಾರ್ಟ್ ಆಪರೇಷನ್ ಆಗಿತ್ತು. ಇವತ್ತಿಗೂ ಅಲ್ಲಿ ನನಗೆ ಉಪ್ಪಿನಕಾಯಿ ಬಡಿಸುವುದಿಲ್ಲ. ಜಗುಲಿ ಹತ್ತಲು ಹೊರಟರೆ ಯಾರಾದರೂ ಓಡಿಬಂದು ಕೈ ಹಿಡಿದುಕೊಳ್ಳುತ್ತಾರೆ.

ಕ್ಯಾನ್ಸರ್ ಹೋಯಿತು. ಇಂಪ್ಲಾಂಟಿನ ತಂಟೆ ಉಳಿಯಿತು. ಹೊರಗಿನ ವಸ್ತು ಒಳಗೆ ಬಂದರೆ ಮೈ ಅದರ ಸುತ್ತ ತನ್ನದೇ ಒಂದು ಚೀಲ ಹೆಣೆದುಕೊಳ್ಳುತ್ತದಂತೆ. ಕೆಲವರಿಗೆ, ಅದರಲ್ಲೂ ರೇಡಿಯೇಷನ್ ಆದವರಿಗೆ, ಆ ಚೀಲ ಬಿಗಿಯುತ್ತಾ ಹೋಗುತ್ತದೆ. ನನ್ನದು ಬಿಗಿದು, ಕಲ್ಲಾಗಿ, ಮೇಲಕ್ಕೆ ಏರಿ ಕೂತಿದೆ. ಎಡಗಡೆಯದು ಮಾತ್ರ ವಯಸ್ಸಿಗೆ ತಕ್ಕಂತೆ ತಗ್ಗಿಬಗ್ಗಿ ನಡೆದುಕೊಳ್ಳುತ್ತಿದೆ.

ಸೀರೆಯಲ್ಲಿ ಮುಚ್ಚಿಹೋಗುತ್ತದಲ್ಲ ಎನ್ನುತ್ತೀರಾ? ಸೆರಗು ಹೋಗುವುದು ಎಡ ಭುಜಕ್ಕೆ. ನನ್ನ ಸಮಸ್ಯೆ ಬಲಗಡೆ. ಸೆರಗು ಕಂಡುಹಿಡಿದ ಪುಣ್ಯಾತ್ಮರು ನನ್ನಂಥವಳನ್ನು ಯೋಚಿಸಿದಂತಿಲ್ಲ.

ಕಾಣುವುದು ಹಾಗಿರಲಿ. ಬಲ ಮಗ್ಗುಲಿಗೆ ಮಲಗಲಾರೆ. ಕ್ಲಾಸಿನಲ್ಲಿ ಬೋರ್ಡಿನ ಮೇಲ್ಭಾಗಕ್ಕೆ ಕೈ ಚಾಚಿದರೆ ಒಳಗಿನಿಂದ ಯಾರೋ ಹಗ್ಗ ಎಳೆದಂತಾಗುತ್ತದೆ. ಮಗಳು ಹಾಸ್ಟೆಲಿನಿಂದ ಬಂದು ತಬ್ಬಿಕೊಳ್ಳಲು ಬಂದರೆ ನನ್ನ ಮೊಣಕೈ ತಾನಾಗಿ ಅಡ್ಡ ಬರುತ್ತದೆ. ಈ ಮೈ ನನ್ನದು ಅನ್ನಿಸಿ ಬಹಳ ಕಾಲವಾಯಿತು. ಅದಕ್ಕೆ ನನಗೆ ದುಃಖವಿದೆ, ಸಿಟ್ಟೂ ಇದೆ.

ಹೋದ ತಿಂಗಳು ಬೆಂಗಳೂರಿನ ಡಾಕ್ಟರು ನೋಡಿ, ರಿವಿಷನ್ ಮಾಡಬಹುದು ಎಂದರು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು. ರಿವಿಷನ್ ಎಂದರೆ ನನಗೆ ಪರೀಕ್ಷೆಯ ಹಿಂದಿನ ವಾರ ಮಕ್ಕಳಿಗೆ ಮಾಡಿಸುವುದು! ಆಕೆ ನಿಧಾನವಾಗಿ ವಿವರಿಸಿದರು. ಬಿಗಿದ ಚೀಲ ತೆಗೆದು ಹೊಸ ಇಂಪ್ಲಾಂಟ್ ಇಡಬಹುದು. ಇಲ್ಲವೇ ಹೊಟ್ಟೆಯ ಕೊಬ್ಬನ್ನೇ ತಂದು ಕೂರಿಸಬಹುದು. (ಸ್ಟಾಕಿಗೆ ಕೊರತೆಯಿಲ್ಲ.) ಎಲ್ಲ ತೆಗೆಸಿ ಚಪ್ಪಟೆಯಾಗಿಯೂ ಇರಬಹುದು, ಏನೂ ಮಾಡಿಸದೆಯೂ ಇರಬಹುದು. ನೂರಕ್ಕೆ ನೂರು ಸರಿಹೋಗುತ್ತದೆ ಎಂದು ಮಾತು ಕೊಡಲ್ಲ, ಮತ್ತೆ ಬಿಗಿಯಲೂಬಹುದು, ಯೋಚಿಸಿ ಹೇಳಿ ಎಂದರು. ಆ ಕೊನೆಯ ಮಾತಿನಿಂದಲೇ ನನಗೆ ಆಕೆಯ ಮೇಲೆ ನಂಬಿಕೆ ಬಂತು.

ಮರಳೂರಿನ ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಪೇಪರಿನಿಂದ ತಲೆಯೆತ್ತದೆ “ಇರ್ಲಿ ಬಿಡೆ, ಯಾರು ನೋಡ್ತಾರೆ” ಎಂದರು.

ಯಾರು ಹೇಳುತ್ತಿರುವುದು ಈ ಮಾತು? ಮನೆ ಕಟ್ಟಿಸಿದಾಗ ಗೇಟಿನ ಒಂದು ಬಾಗಿಲು ಅರ್ಧ ಇಂಚು ಮೇಲಿದೆ ಎಂದು ವೆಲ್ಡರನ್ನು ವಾರಗಟ್ಟಲೆ ಓಡಾಡಿಸಿದ ಮನುಷ್ಯ! ಬೀದಿಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಬಾಗಿಲು ಮುಚ್ಚಿದರೆ ಸಾಕಲ್ಲ ಸಾರ್ ಎಂದು ಯಾರೂ ಅನ್ನಲಿಲ್ಲ. ಕಬ್ಬಿಣಕ್ಕಿರುವ ನ್ಯಾಯ ಹೆಂಡತಿಗಿಲ್ಲವೇ ಎಂದು ಕೇಳಿದೆ. ಪೇಪರಿನ ಪುಟ ತಿರುಗಿತು.

ಮತ್ತೆ ಗುಬ್ಬಿಯ ಮದುವೆಗೆ ಬರೋಣ. ಫೋಟೋ ಮುಗಿಸಿ ಊಟಕ್ಕೆ ಕೂತೆವು. ನನ್ನ ಪಕ್ಕದ ಎಲೆ ಶಾರದಕ್ಕನದು. ನಮ್ಮ ಯಜಮಾನರ ಅಕ್ಕ, ಹುಲಿಯೂರುದುರ್ಗದವರು. ಕೀಮೋ ದಿನಗಳಲ್ಲಿ ನಮ್ಮ ಮನೆಯಲ್ಲೇ ಇದ್ದು ನನಗೆ ಸ್ನಾನ ಮಾಡಿಸಿ ರಾಗಿ ಗಂಜಿ ಕುಡಿಸಿದ ಜೀವ. ಅವರಿಂದ ಮುಚ್ಚಿಡುವುದೇನಿದೆ? ಮತ್ತೊಂದು ಆಪರೇಷನ್ ಯೋಚನೆ ಇದೆ ಎಂದು ಮೆಲ್ಲಗೆ ಹೇಳಿದೆ.

“ಜೀವ ಉಳ್ಕೊಂತಲ್ಲ, ಅದೇ ಸಾಕು ಬುಡು ತಾಯಿ” ಎಂದರು. “ಮಗಳ ಮದ್ವೆ ಮಾಡೋ ವಯಸ್ಸಲ್ಲಿ ಈಗ್ಯಾಕೆ ಅದೆಲ್ಲ?”

ಈ ‘ಸಾಕು’ ನನಗೆ ಹೊಸದಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಕೇಳುತ್ತಿದ್ದೇನೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ, ಅದಕ್ಕೇ ಎದುರಾಡುವುದು ಕಷ್ಟ. ಬದುಕಿ ಬಂದವಳು ಮತ್ತೇನಾದರೂ ಕೇಳಿದರೆ ದುರಾಸೆಯಂತೆ. ಸರಿ, ಜೀವ ಉಳಿಯಿತು. ಆ ಜೀವವನ್ನು ಎಲ್ಲಿಟ್ಟುಕೊಳ್ಳಲಿ? ಈ ಮೈಯಲ್ಲೇ ತಾನೇ?

ಅಷ್ಟರಲ್ಲಿ ಎರಡನೇ ಸುತ್ತಿನ ಒಬ್ಬಟ್ಟು ಬಂತು. ಶಾರದಕ್ಕ ಎರಡೂ ಕೈ ಎಲೆಗೆ ಅಡ್ಡ ಹಿಡಿದು ಸಾಕಪ್ಪ ಸಾಕು ಎಂದರು. ಬಡಿಸುವವನು ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆಯುವ ಮೊದಲೇ ಶಾರದಕ್ಕನ ಕೈ ನನ್ನ ಎಲೆಯ ಮೇಲೂ ಬಂತು. ನನಗೂ ಸಾಕಂತೆ!

ನಾನು ಆ ಕೈಯನ್ನು ಮೆಲ್ಲಗೆ ಸರಿಸಿದೆ. “ಅಕ್ಕ, ಸಾಕು ಅನ್ನೋದು ಉಣ್ಣೋರು ಅಲ್ವಾ? ಹಾಕಪ್ಪ ನೀನು.”

ಒಬ್ಬಟ್ಟು ಬಿತ್ತು. ಹಿಂದೆಯೇ ತುಪ್ಪವೂ ಬಿತ್ತು. ಶಾರದಕ್ಕ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಒಬ್ಬಟ್ಟಿನ ವಿಷಯ ಮಾತ್ರ ಹೇಳಿದ್ದಲ್ಲ ಎಂದು ತಿಳಿಯದಷ್ಟು ದಡ್ಡರಲ್ಲ ಅವರು. ಕೈ ತೊಳೆಯುವ ಜಾಗದಲ್ಲಿ ಪಕ್ಕಕ್ಕೆ ಬಂದು ನಿಂತರು.

“ನೋಯ್ತದಾ?”

ಹೂಂ ಎಂದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು, ನಲ್ಲಿಯ ನೀರು ಮುಖಕ್ಕೆ ಹಾಕಿಕೊಂಡೆ.

“ಮೊದ್ಲೇ ಹೇಳೋಕೇನಾಗಿತ್ತು ನಿಂಗೆ? ಮಾಡಿಸ್ಕೊ. ಮನೆ ನೋಡ್ಕೊಳ್ಳೋಕೆ ನಾನು ಬತ್ತೀನಿ.”

ವಾಪಸ್ ಬರುವಾಗ ಕಾರು ಓಡಿಸುತ್ತಿದ್ದದ್ದು ಯಜಮಾನರು. ಊಟಕ್ಕೆ ಎದುರು ಸಾಲಿನಲ್ಲೇ ಕೂತಿದ್ದ ಅವರಿಗೆ ನಮ್ಮಿಬ್ಬರ ಮಾತೆಲ್ಲ ಕೇಳಿಸಿತ್ತು. ರಸ್ತೆಯನ್ನೇ ನೋಡುತ್ತಾ ಹೇಳಿದರು, “ಯಾರು ನೋಡ್ತಾರೆ ಅನ್ನೋದಲ್ಲ ಕಣೆ. ಮತ್ತೆ ಆ ಆಪರೇಷನ್ ಥಿಯೇಟರ್ ಬಾಗ್ಲ ಮುಂದೆ ಕೂರೋಕೆ ನನಗೆ ಭಯ.”

ಅಯ್ಯೋ ಮಾರಾಯರೇ, ಇದನ್ನೇ ಆವತ್ತು ಹೇಳಬಾರದಿತ್ತೇ? ಭಯ ನನಗೂ ಇದೆ. ಭಯವಾದರೆ ಇಬ್ಬರೂ ಹಂಚಿಕೊಳ್ಳಬಹುದು. ‘ಯಾರು ನೋಡ್ತಾರೆ’ ಎಂಬುದನ್ನು ಹಂಚಿಕೊಳ್ಳುವುದು ಹೇಗೆ? (ಅಂದಹಾಗೆ, ನಾನು ನೋಡುತ್ತೇನೆ. ದಿನಾ ಸ್ನಾನ ಮಾಡುವವಳು ನಾನೇ.)

ಸೋಮವಾರ ಡಾಕ್ಟರಿಗೆ ಫೋನ್ ಮಾಡಿ ರಿವಿಷನ್ನಿಗೆ ಡೇಟ್ ಕೇಳಿದೆ. ಪಕ್ಕದಲ್ಲಿ ಕೂತು ಯಾವ ಊಟ ಬಿಡಬೇಕು, ಎಷ್ಟು ದಿನ ರಜೆ ಹಾಕಬೇಕು ಎಂದೆಲ್ಲ ನನ್ನಿಂದ ಕೇಳಿಸಿದ್ದು ನಮ್ಮ ಗೇಟಿನ ಇಂಜಿನಿಯರರೇ. ಸರಿಹೋಗುತ್ತದೋ ಇಲ್ಲವೋ, ಗೊತ್ತಿಲ್ಲ. ಹೋದರೆ ಸಂತೋಷ. ಹೋಗದಿದ್ದರೆ ಎಲ್ಲ ತೆಗೆಸಿ ಚಪ್ಪಟೆಯಾಗಿ, ಇದೇ ಜೋರಿನಲ್ಲಿ ಓಡಾಡುತ್ತೇನೆ. ಸಾಕು ಅನ್ನಿಸಿದ ದಿನ ನಾನೇ ಎರಡೂ ಕೈಯಲ್ಲಿ ಎಲೆ ಮುಚ್ಚಿಕೊಳ್ಳುತ್ತೇನೆ.

ಅಲ್ಲಿಯವರೆಗೆ, ನನ್ನ ಎಲೆಗೆ ನಿಮ್ಮ ಕೈ ಯಾಕೆ ಅಡ್ಡ?